ಪಿಂಚಣಿಯ ವಿಷಯವನ್ನು ಜನರಿಗೆ ತಿಳಿಯುವಂತೆ ಬರೆಯುವುದು ಹೇಗೆ?

ನಿವೃತ್ತರಾದ ಶಿಕ್ಷಕಿಯೊಬ್ಬರು ತಮ್ಮ ಪಿಂಚಣಿ ಮಂಜೂರಾತಿ ಪತ್ರವನ್ನು ನನ್ನ ಮುಂದೆ ಹರಡಿ, ‘ಪರಿವರ್ತಿತ ಪಿಂಚಣಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ನನ್ನ ಪಿಂಚಣಿಯನ್ನು ಬೇರೆ ಯಾವುದೋ ಯೋಜನೆಗೆ ಬದಲಾಯಿಸಿಬಿಟ್ಟಿದ್ದಾರಾ?” ಎಂದು ಕೇಳಿದ್ದು ನೆನಪಿದೆ. ಜೀವಮಾನವಿಡೀ ಮಕ್ಕಳಿಗೆ ಕನ್ನಡ ಕಲಿಸಿದವರು ಅವರು; ಓದು ಬಾರದವರಲ್ಲ. ತಿಂಗಳ ಪಿಂಚಣಿಯ ಒಂದು ಭಾಗವನ್ನು ಬಿಟ್ಟುಕೊಟ್ಟು ಅದರ ಬದಲಿಗೆ ಇಡಿಗಂಟಾಗಿ ಹಣ ಪಡೆಯುವುದಕ್ಕೆ ‘ಪರಿವರ್ತನೆ’ ಎಂದು ಹೆಸರಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಆ ಆಯ್ಕೆಗೆ ಅವರೇ ಸಹಿ ಹಾಕಿದ್ದರು, ಹಣ ಖಾತೆಗೆ ಬಂದೂ ಆಗಿತ್ತು. ಆದರೂ ತಾವು ಏನಕ್ಕೆ ಒಪ್ಪಿದೆವು ಎಂಬುದು ಅವರಿಗೆ ಆ ದಿನದವರೆಗೆ ಗೊತ್ತಿರಲಿಲ್ಲ.

ಇಲಾಖೆಯ ಪ್ರಕಟಣೆ ಬರೆಯುವವರು, ಸಹಾಯವಾಣಿಯಲ್ಲಿ ಉತ್ತರಿಸುವವರು, ನೌಕರರ ಸಂಘದ ಪದಾಧಿಕಾರಿಗಳು, ಪತ್ರಿಕೆಗೆ ಪಿಂಚಣಿಯ ಅಂಕಣ ಬರೆಯುವವರು, ಹೀಗೆ ಸರ್ಕಾರದ ನಿವೃತ್ತಿ ಸೌಲಭ್ಯಗಳನ್ನು ಇನ್ನೊಬ್ಬರಿಗೆ ವಿವರಿಸುವ ಹೊಣೆ ಯಾರ ಮೇಲಿದೆಯೋ ಅವರಿಗಾಗಿ ಈ ಲೇಖನ. ನನ್ನ ವಾದ ಒಂದೇ: ಯೋಜನೆಯನ್ನು ವಿವರಿಸಲು ಹೊರಟರೆ ಜನರಿಗೆ ಅರ್ಥವಾಗುವುದಿಲ್ಲ, ಓದುಗರು ಮಾಡಬೇಕಾದ ತೀರ್ಮಾನವನ್ನು ವಿವರಿಸಿದರೆ ಯೋಜನೆ ತಾನಾಗಿಯೇ ಅರ್ಥವಾಗುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಇದನ್ನು ನಂಬಿ ಬರೆದವು.

ಹೆಜ್ಜೆ 1: ನಿಯಮದ ಪುಸ್ತಕವನ್ನು ಮುಚ್ಚಿ, ಪ್ರಶ್ನೆಗಳನ್ನು ಬರೆದುಕೊಳ್ಳಿ

ನಿಯಮಾವಳಿಗೆ ಅದರದೇ ಒಂದು ಕ್ರಮವಿದೆ. ಮೊದಲು ಯೋಜನೆಯ ಹೆಸರು, ಜಾರಿಗೆ ಬಂದ ದಿನ, ಪದಗಳ ವ್ಯಾಖ್ಯೆ, ಆಮೇಲೆ ಅರ್ಹತೆ, ವಂತಿಗೆ, ಲೆಕ್ಕ, ವಿನಾಯಿತಿ. ವಕೀಲರಿಗೆ ಇದು ಸರಿಯಾದ ಕ್ರಮ. ಪಿಂಚಣಿ ಪಡೆಯುವವರ ಮನಸ್ಸಿನಲ್ಲಿರುವ ಕ್ರಮ ಬೇರೆ: ನನಗೆ ಬರುತ್ತದೆಯೇ, ಯಾವಾಗಿನಿಂದ ಬರುತ್ತದೆ, ಎಷ್ಟು ಬರುತ್ತದೆ, ಅದಕ್ಕೆ ನಾನೇನು ಮಾಡಬೇಕು, ನಾನು ಹೋದ ಮೇಲೆ ಮನೆಯವರಿಗೆ ಏನು ಸಿಗುತ್ತದೆ. ಈ ಕೊನೆಯ ಪ್ರಶ್ನೆಯನ್ನು ಜನ ಬಾಯಿಬಿಟ್ಟು ಕೇಳಲು ಹಿಂಜರಿಯುತ್ತಾರೆ, ನಾವೂ ಅದಕ್ಕೆ ತಕ್ಕಂತೆ ಕುಟುಂಬ ಪಿಂಚಣಿಯ ವಿವರವನ್ನು ಕಡೆಯ ಪುಟಕ್ಕೆ ತಳ್ಳಿಬಿಡುತ್ತೇವೆ. ಅದನ್ನು ಮುಂದಕ್ಕೆ ತನ್ನಿ.

ಪ್ರಶ್ನೆಗಳನ್ನು ಊಹಿಸಿ ಬರೆಯಬೇಡಿ. ಕೌಂಟರಿನಲ್ಲಿ ಕೂರುವವರನ್ನೂ ಸಹಾಯವಾಣಿಯ ಸಿಬ್ಬಂದಿಯನ್ನೂ ಕೇಳಿ, ಎರಡು ವಾರ ಬಂದ ಪ್ರಶ್ನೆಗಳನ್ನು ಜನ ಕೇಳಿದ ಮಾತಿನಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ. ತಿದ್ದಿ ಬರೆಯಬಾರದು, ಏಕೆಂದರೆ ತಪ್ಪು ತಿಳಿವಳಿಕೆ ಇರುವುದು ಪ್ರಶ್ನೆಯ ಪದಗಳಲ್ಲೇ. ನಮ್ಮ ನೌಕರರ ಪಿಂಚಣಿ ಯೋಜನೆಯನ್ನೇ, ಅಂದರೆ ಭವಿಷ್ಯ ನಿಧಿಯ (ಪಿಎಫ್) ಸದಸ್ಯರಿಗಿರುವ 1995ರ ಇಪಿಎಸ್ ಅನ್ನೇ ತೆಗೆದುಕೊಳ್ಳಿ. “ಪಾಸ್‌ಬುಕ್ಕಿನಲ್ಲಿ ಪಿಂಚಣಿ ಕಾಲಮಿನಲ್ಲಿರುವ ಹಣ ನಿವೃತ್ತಿಯಾದಾಗ ಒಟ್ಟಿಗೆ ಸಿಗುತ್ತದೆಯಲ್ಲವೇ?” ಎಂದು ಕೇಳುವವರಿಗೆ ಲೆಕ್ಕದ ಸೂತ್ರ ಹೇಳಿ ಪ್ರಯೋಜನವಿಲ್ಲ. ಭವಿಷ್ಯ ನಿಧಿ ಉಳಿತಾಯದ ಖಾತೆ, ಅದರಲ್ಲಿರುವ ಮೊತ್ತ ಸದಸ್ಯರದ್ದು. ಪಿಂಚಣಿಯ ಪಾಲು ಎಲ್ಲರಿಗೂ ಸೇರಿದ ಒಂದು ನಿಧಿಗೆ ಹೋಗುತ್ತದೆ, ಅಲ್ಲಿಂದ ಬರುವುದು ಕಟ್ಟಿದ ಮೊತ್ತವಲ್ಲ, ಸೇವೆಯ ವರ್ಷಗಳಿಗೆ ತಕ್ಕ ಮಾಸಾಶನ. ಈ ಒಂದು ವ್ಯತ್ಯಾಸವನ್ನು ಮೊದಲು ಬಿಡಿಸದಿದ್ದರೆ ಮುಂದೆ ಹೇಳುವುದೆಲ್ಲ ತಪ್ಪು ತಳಪಾಯದ ಮೇಲೆ ನಿಲ್ಲುತ್ತದೆ.

ಹೆಜ್ಜೆ 2: ಹಿಂದಕ್ಕೆ ಪಡೆಯಲಾಗದ ತೀರ್ಮಾನಗಳನ್ನು ಬೇರೆ ಮಾಡಿ

ಪಿಂಚಣಿಯ ಮಾಹಿತಿಯಲ್ಲಿ ಎರಡು ಬಗೆಯಿದೆ. ತಡವಾಗಿ ತಿಳಿದರೂ ಸರಿಪಡಿಸಿಕೊಳ್ಳಬಹುದಾದದ್ದು ಒಂದು, ಒಮ್ಮೆ ತಪ್ಪಿದರೆ ತಪ್ಪಿಹೋದದ್ದು ಇನ್ನೊಂದು. ಬ್ಯಾಂಕ್ ಖಾತೆ ಬದಲಾಯಿಸುವುದು ಮೊದಲನೆಯದು. ಅವಧಿಗೆ ಮುಂಚೆ ಪಿಂಚಣಿ ಆರಂಭಿಸುವುದು, ಇಡಿಗಂಟು ಪಡೆಯುವುದು, ಹಳೆಯ ಯೋಜನೆಯಲ್ಲೇ ಉಳಿಯುವುದೋ ಹೊಸದಕ್ಕೆ ಹೋಗುವುದೋ ಎಂಬ ಆಯ್ಕೆ, ಇವು ಬಹುಮಟ್ಟಿಗೆ ಎರಡನೆಯವು. ಎರಡನೆಯ ಬಗೆಯದ್ದನ್ನು ಮೊದಲ ಪುಟದಲ್ಲಿ, ‘ಈ ಆಯ್ಕೆಯನ್ನು ನಂತರ ಬದಲಾಯಿಸಲು ಬರುವುದಿಲ್ಲ’ ಎಂಬ ನೇರ ವಾಕ್ಯದೊಂದಿಗೆ ಇಡಬೇಕು. ಅಡಿಟಿಪ್ಪಣಿಯಲ್ಲಿ ಇಟ್ಟರೆ ಹೇಳಿದಂತಾಗುವುದಿಲ್ಲ.

ಹೇಳುವುದು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನ ಉದಾಹರಣೆಗಿಂತ ದೊಡ್ಡದು ಬೇಕಿಲ್ಲ. ಅಲ್ಲಿ ಮಹಿಳೆಯರಿಗೆ ಸರ್ಕಾರಿ ಪಿಂಚಣಿ ಸಿಗುವ ವಯಸ್ಸನ್ನು 60ರಿಂದ 65ಕ್ಕೆ ಏರಿಸುವ ಕಾನೂನು 1995ರಲ್ಲೇ ಆಯಿತು. ಏರಿಕೆ 2010ರಿಂದ ಹಂತಹಂತವಾಗಿ ಜಾರಿಗೆ ಬರಬೇಕಿತ್ತು. 2011ರ ಕಾನೂನು ಅದರ ವೇಗವನ್ನು ಇನ್ನಷ್ಟು ಹೆಚ್ಚಿಸಿತು. ಮೊದಲ ಕಾನೂನಿಗೂ ಅದರ ಜಾರಿಗೂ ನಡುವೆ 15 ವರ್ಷಗಳ ಕಾಲಾವಕಾಶ ಇತ್ತು. ಆದರೂ 1950ರ ದಶಕದಲ್ಲಿ ಹುಟ್ಟಿದ ಅನೇಕ ಮಹಿಳೆಯರು, 60ಕ್ಕೆ ಪಿಂಚಣಿ ಬರುತ್ತದೆಂಬ ಲೆಕ್ಕದಲ್ಲೇ ಕೆಲಸ ಬಿಡುವ ಯೋಚನೆ ಮಾಡಿಕೊಂಡಿದ್ದು, ಕೊನೆಯ ಗಳಿಗೆಯಲ್ಲಿ ವಿಷಯ ತಿಳಿದು ಕಂಗಾಲಾದರು. ಎಷ್ಟೋ ಮಹಿಳೆಯರಿಗೆ ಈ ಬದಲಾವಣೆ ಗೊತ್ತಿಲ್ಲವೆಂಬುದು ಇಲಾಖೆಯದೇ ಸಂಶೋಧನೆಯಿಂದ ತಿಳಿದುಬಂದ ಮೇಲೂ ಅವರಿಗೆ ನೇರವಾಗಿ ಪತ್ರ ಬರೆಯುವ ಕೆಲಸ 28 ತಿಂಗಳು ತಡವಾಯಿತು, ಇದು ಆಡಳಿತದ ಲೋಪ ಎಂದು, ಸರ್ಕಾರಿ ಇಲಾಖೆಗಳ ಮೇಲಿನ ದೂರುಗಳನ್ನು ವಿಚಾರಿಸುವ ಅಲ್ಲಿನ ಸಂಸದೀಯ ಓಂಬುಡ್ಸ್‌ಮನ್ 2021ರಲ್ಲಿ ಹೇಳಿದರು. ಕರಪತ್ರ ಅಚ್ಚಾಗಿತ್ತು, ಪತ್ರಿಕೆಗಳಲ್ಲಿ ಸುದ್ದಿಯೂ ಬಂದಿತ್ತು. ಬಾರದೆ ಉಳಿದದ್ದು ಅವರವರ ಹೆಸರಿಗೆ ಒಂದು ಪತ್ರ. ‘ಪ್ರಕಟಿಸಿದ್ದೇವೆ’ ಎನ್ನುವುದಕ್ಕೂ ‘ತಿಳಿಸಿದ್ದೇವೆ’ ಎನ್ನುವುದಕ್ಕೂ ಇರುವ ಅಂತರ ಅದು.

ಹೆಜ್ಜೆ 3: ಹೆಸರುಗಳನ್ನು ಪರೀಕ್ಷಿಸಿ

ಕೆಲವು ಪದಗಳು ಅರ್ಥವಾಗದೆ ತೊಂದರೆ ಕೊಡುತ್ತವೆ. ಇನ್ನು ಕೆಲವು, ಅರ್ಥವಾದಂತೆ ಕಂಡು ತೊಂದರೆ ಕೊಡುತ್ತವೆ. ಇವೇ ಹೆಚ್ಚು ಅಪಾಯಕಾರಿ. ‘ಅರ್ಹತಾದಾಯಕ ಸೇವೆ’ ಎಂದರೆ ಓದುಗರು ನಿಂತು ಯೋಚಿಸುತ್ತಾರೆ, ಯಾರನ್ನಾದರೂ ಕೇಳುತ್ತಾರೆ. ‘ಪರಿವರ್ತನೆ’ ಎಂದರೆ ತಮಗೆ ಗೊತ್ತಿರುವ ಪದವೆಂದುಕೊಂಡು ಮುಂದೆ ಹೋಗುತ್ತಾರೆ.

ಅಮೆರಿಕದ ಸರ್ಕಾರಿ ಪಿಂಚಣಿ ವ್ಯವಸ್ಥೆಯಾದ ಸೋಷಿಯಲ್ ಸೆಕ್ಯುರಿಟಿಯಲ್ಲಿ ಇದೇ ತೊಡಕು ವಯಸ್ಸಿನ ಹೆಸರುಗಳಲ್ಲಿದೆ. ಅಲ್ಲಿ 62ನೇ ವಯಸ್ಸಿನಿಂದ 70ರವರೆಗೆ ಯಾವಾಗ ಬೇಕಾದರೂ ಪಿಂಚಣಿ ಆರಂಭಿಸಬಹುದು, ತಡಮಾಡಿದಷ್ಟೂ ತಿಂಗಳ ಮೊತ್ತ ಹೆಚ್ಚುತ್ತದೆ. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ 67 ವರ್ಷವನ್ನು ‘ಪೂರ್ಣ ನಿವೃತ್ತಿ ವಯಸ್ಸು’ ಎಂದು ಕರೆಯುತ್ತಾರೆ. ‘ಪೂರ್ಣ’ ಎಂದ ಮೇಲೆ ಅದಕ್ಕಿಂತ ಹೆಚ್ಚು ಸಿಗುವುದಿಲ್ಲ ಎಂದು ಯಾರಾದರೂ ತಿಳಿಯುವುದು ಸಹಜವೇ. ಆದರೆ 70ರವರೆಗೆ ಕಾದರೆ ಅದಕ್ಕಿಂತ ಶೇಕಡಾ 24ರಷ್ಟು ಹೆಚ್ಚು ಸಿಗುತ್ತದೆ. ಆದ್ದರಿಂದ 62ಕ್ಕೆ ‘ಕನಿಷ್ಠ ಸೌಲಭ್ಯದ ವಯಸ್ಸು’, 70ಕ್ಕೆ ‘ಗರಿಷ್ಠ ಸೌಲಭ್ಯದ ವಯಸ್ಸು’ ಎಂದು ಹೆಸರಿಡಬೇಕೆಂಬ ಸಲಹೆ ಅಲ್ಲಿ ಬಂದಿದೆ. ಒಂದು ಅಂಕಿಯನ್ನೂ ಬದಲಿಸದೆ, ಹೆಸರನ್ನಷ್ಟೇ ಬದಲಿಸಿ ವಿಷಯ ತಿಳಿಸುವ ದಾರಿ ಇದು. ಇದರ ಜೊತೆಗೆ ಅಲ್ಲಿ ಹಿರಿಯರ ಆರೋಗ್ಯ ವಿಮೆ ಮೆಡಿಕೇರ್ 65ಕ್ಕೆ ಆರಂಭವಾಗುತ್ತದೆ. ಎರಡು ಸೌಲಭ್ಯ, ಎರಡು ವಯಸ್ಸು. ಜನ ಎರಡನ್ನೂ ಕಲಸಿಕೊಳ್ಳುವುದರಲ್ಲಿ ಆಶ್ಚರ್ಯವೇನಿದೆ?

ಹೀಗೆ ಮಾಡಿ: ನಿಮ್ಮ ಬರಹದಲ್ಲಿರುವ ಪ್ರತಿಯೊಂದು ಪಾರಿಭಾಷಿಕ ಪದದ ಕೆಳಗೂ ಗೆರೆ ಎಳೆಯಿರಿ. ಅರ್ಜಿಯಲ್ಲೋ ಆದೇಶದಲ್ಲೋ ಓದುಗರಿಗೆ ಆ ಪದ ಎದುರಾಗುವುದಿದ್ದರೆ ಅದನ್ನು ಉಳಿಸಿಕೊಂಡು, ಮೊದಲ ಸಲ ಬಂದಲ್ಲೇ ಸರಳ ಮಾತಿನಲ್ಲಿ ಬಿಡಿಸಿ ಹೇಳಿ. ಎದುರಾಗುವುದಿಲ್ಲವಾದರೆ ಆ ಪದವನ್ನೇ ಬಿಟ್ಟುಬಿಡಿ. ಒಂದು ಸಂಗತಿಗೆ ಒಂದೇ ಹೆಸರು ಇರಲಿ; ಒಂದು ಪ್ಯಾರಾದಲ್ಲಿ ‘ನಿವೃತ್ತಿ ವೇತನ’, ಇನ್ನೊಂದರಲ್ಲಿ ‘ಪಿಂಚಣಿ’, ಮತ್ತೊಂದರಲ್ಲಿ ‘ಮಾಸಾಶನ’ ಎಂದು ಬರೆದರೆ ಬರಹ ಚೆಂದ ಕಾಣಬಹುದು, ಓದುವವರು ಮಾತ್ರ ಮೂರು ಬೇರೆ ಬೇರೆ ಹಣವೆಂದು ಎಣಿಸಿ ಕುಳಿತಿರುತ್ತಾರೆ.

ಹೆಜ್ಜೆ 4: ಲೆಕ್ಕವನ್ನು ಸೂತ್ರದಿಂದಲ್ಲ, ಒಬ್ಬ ಮನುಷ್ಯರಿಂದ ಆರಂಭಿಸಿ

ಇಪಿಎಸ್ ಪಿಂಚಣಿಯ ಸೂತ್ರ ಹೀಗಿದೆ: ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಪಿಂಚಣಿಗೆ ಪರಿಗಣಿಸುವ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಈ ವಾಕ್ಯ ಸರಿಯಾಗಿದೆ, ಸಣ್ಣದೂ ಆಗಿದೆ, ಆದರೆ ಇದನ್ನು ಓದಿ ತನ್ನ ಪಿಂಚಣಿ ಎಷ್ಟೆಂದು ಹೇಳಬಲ್ಲವರು ಕಡಿಮೆ. 70 ಎಲ್ಲಿಂದ ಬಂತು ಎಂಬಲ್ಲೇ ಅರ್ಧ ಜನ ನಿಲ್ಲುತ್ತಾರೆ.

ಇದನ್ನೇ ತಿರುಗಿಸಿ ಹೇಳಿ ನೋಡಿ: ‘ನೀವು ದುಡಿದ ಒಂದೊಂದು ವರ್ಷವೂ ನಿಮ್ಮ ಕೊನೆಯ 60 ತಿಂಗಳ ಸರಾಸರಿ ಸಂಬಳದ ಎಪ್ಪತ್ತನೇ ಒಂದು ಭಾಗವನ್ನು ತಿಂಗಳ ಪಿಂಚಣಿಗೆ ಸೇರಿಸುತ್ತದೆ. ಸರಾಸರಿ 15,000 ರೂಪಾಯಿ ಇದ್ದರೆ ಒಂದು ವರ್ಷದ ಸೇವೆಗೆ ಸುಮಾರು 214 ರೂಪಾಯಿ. 15 ವರ್ಷ ದುಡಿದವರಿಗೆ ತಿಂಗಳಿಗೆ ಸುಮಾರು 3,214 ರೂಪಾಯಿ.’ ಈಗ 70 ಎಂಬುದು ನಿಗೂಢವಾಗಿ ಉಳಿಯಲಿಲ್ಲ. ಇದರ ಹಿಂದೆಯೇ, ಅದೇ ಉಸಿರಿನಲ್ಲಿ, ಜನರಿಗೆ ಅತಿ ಹೆಚ್ಚು ನಿರಾಸೆ ತರುವ ಸಂಗತಿಯನ್ನೂ ಹೇಳಿಬಿಡಬೇಕು: ಕೈಗೆ 40,000 ಬರುತ್ತಿದ್ದರೂ, ಹೆಚ್ಚಿನ ಸಂಬಳದ ಮೇಲೆ ಪಿಂಚಣಿಗೆ ಆಯ್ಕೆ ಕೊಟ್ಟು ಒಪ್ಪಿಗೆ ಪಡೆದವರನ್ನು ಬಿಟ್ಟರೆ, ಲೆಕ್ಕಕ್ಕೆ ಬರುವುದು 2014ರ ಸೆಪ್ಟೆಂಬರಿನಲ್ಲಿ ನಿಗದಿಯಾದ 15,000 ರೂಪಾಯಿಯ ಮಿತಿಯೊಳಗಿನ ಸಂಬಳ ಮಾತ್ರ. ಕೆಟ್ಟ ಸುದ್ದಿಯನ್ನು ಮೃದುಗೊಳಿಸಲು ಹೋಗಿ ಮಸುಕು ಮಾಡುವುದು ನಮ್ಮ ಕಚೇರಿ ಬರಹದ ಹಳೆಯ ಚಾಳಿ. ನಿವೃತ್ತಿಗೆ ಹತ್ತು ವರ್ಷ ಮೊದಲೇ ಈ ಅಂಕಿ ತಿಳಿದವರು ಬೇರೆ ಉಳಿತಾಯ ಮಾಡಿಕೊಳ್ಳಬಹುದು. ನಿವೃತ್ತಿಯ ದಿನ ತಿಳಿದವರಿಗೆ ಉಳಿಯುವುದು ಸಿಟ್ಟೊಂದೇ.

ಇಡಿಗಂಟಿನ ವಿಷಯದಲ್ಲೂ ಹೀಗೆಯೇ. ಹಳೆಯ ಪಿಂಚಣಿ ವ್ಯವಸ್ಥೆಯಲ್ಲಿರುವ ಕೇಂದ್ರ ಸರ್ಕಾರಿ ನೌಕರರು ಮೂಲ ಪಿಂಚಣಿಯ ಶೇಕಡಾ 40ರವರೆಗೆ ಪರಿವರ್ತಿಸಿಕೊಳ್ಳಬಹುದು. 30,000 ರೂಪಾಯಿ ಪಿಂಚಣಿ ಇರುವವರು ಪೂರ್ತಿ ಮಿತಿಯವರೆಗೆ ಪರಿವರ್ತಿಸಿದರೆ ತಿಂಗಳಿಗೆ 12,000 ಕಡಿತವಾಗಿ 18,000 ಉಳಿಯುತ್ತದೆ, 15 ವರ್ಷಗಳ ನಂತರ ಆ 12,000 ಮರಳಿ ಸೇರುತ್ತದೆ, ಈ ನಡುವೆ ತುಟ್ಟಿಭತ್ಯೆಯನ್ನು ಮಾತ್ರ ಮೂಲದ 30,000ದ ಮೇಲೆಯೇ ಲೆಕ್ಕ ಹಾಕುತ್ತಾರೆ. ನಾಲ್ಕು ಅಂಕಿಗಳಲ್ಲಿ ಇಡೀ ವಿಷಯ ಮುಗಿಯಿತು. ಆ ಶಿಕ್ಷಕಿಯ ಪತ್ರದಲ್ಲಿ ಇಂಥ ಒಂದು ಪ್ಯಾರಾ ಇದ್ದಿದ್ದರೆ ಸಾಕಾಗುತ್ತಿತ್ತು.

ಹಲವು ಆಯ್ಕೆಗಳಿರುವಾಗ ಅವುಗಳನ್ನು ಅಕ್ಕಪಕ್ಕ ಇಡಿ. ಅಮೆರಿಕದ ವ್ಯವಸ್ಥೆಯಲ್ಲಿ 67ಕ್ಕೆ 1,000 ಡಾಲರ್ ಸಿಗುವವರಿಗೆ 62ಕ್ಕೆ 700, 70ಕ್ಕೆ 1,240 ಡಾಲರ್ ಸಿಗುತ್ತದೆ. ಅಲ್ಲಿನ ಇಲಾಖೆ ಪ್ರತಿಯೊಬ್ಬ ದುಡಿಮೆಗಾರರಿಗೂ ಕೊಡುವ ವೈಯಕ್ತಿಕ ವಿವರಣಾ ಪತ್ರವನ್ನು 2021ರಲ್ಲಿ ಎರಡು ಪುಟಕ್ಕೆ ಇಳಿಸಿದಾಗ, 62ರಿಂದ 70ರವರೆಗಿನ ಒಂಬತ್ತು ವಯಸ್ಸುಗಳಿಗೂ ಮೊತ್ತಕ್ಕೆ ತಕ್ಕ ಉದ್ದದ ಒಂದೊಂದು ಪಟ್ಟಿ ಎಳೆದು ತೋರಿಸಿತು. ಕಣ್ಣಾಡಿಸಿದರೆ ಸಾಕು, ಕಾಯುವುದರ ಬೆಲೆ ಕಾಣುತ್ತದೆ. ‘ಇಷ್ಟು ವರ್ಷ ಬದುಕಿದರೆ ಮಾತ್ರ ಕಾದದ್ದಕ್ಕೆ ಲಾಭ’ ಎಂದು ಲಾಭನಷ್ಟದ ಭಾಷೆಯಲ್ಲಿ ಹೇಳಿದಾಗ ಜನ ಬೇಗನೆ ಪಿಂಚಣಿ ಆರಂಭಿಸುವ ಕಡೆಗೆ ವಾಲುತ್ತಾರೆ ಎಂದೂ ಅಲ್ಲಿನ ಸಂಶೋಧನೆಗಳು ತೋರಿಸಿವೆ. ಹಾಗಾಗಿ ಯಾವುದೇ ಆಯ್ಕೆಯ ಕಡೆಗೆ ತಳ್ಳದ ಮಾತನ್ನು ಹುಡುಕುವುದು ಬರೆಯುವವರ ಕರ್ತವ್ಯ. ಸಾಲ, ಕಾಯಿಲೆ, ಅವಲಂಬಿತರು ಎಲ್ಲವನ್ನೂ ಬಲ್ಲವರು ಓದುಗರೇ, ನಾವಲ್ಲ.

ಹೆಜ್ಜೆ 5: ಕಚೇರಿ ಕನ್ನಡವನ್ನು ಮಾತಿಗೆ ಇಳಿಸಿ

ಒಂದು ಮಾದರಿ ನೋಡೋಣ. ನಾವೆಲ್ಲ ಓದಿರುವ ಧಾಟಿಯಲ್ಲೇ ಬರೆದದ್ದು:

‘ಸದರಿ ಪಿಂಚಣಿದಾರರು ಪ್ರತಿ ವರ್ಷ ನಿಗದಿಪಡಿಸಿದ ಅವಧಿಯೊಳಗಾಗಿ ಜೀವಿತ ಪ್ರಮಾಣಪತ್ರವನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಪಿಂಚಣಿ ಪಾವತಿಯನ್ನು ತಡೆಹಿಡಿಯಲಾಗುವುದು.’

ಯಾವ ಅವಧಿ, ಯಾವ ಪ್ರಾಧಿಕಾರ, ತಡೆಹಿಡಿದ ಹಣ ಮುಂದೇನಾಗುತ್ತದೆ, ಈ ಮೂರರಲ್ಲಿ ಒಂದನ್ನೂ ಈ ವಾಕ್ಯ ಹೇಳುವುದಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ ಬರೆಯುವುದಾದರೆ ಹೀಗೆ ಬರೆಯಬಹುದು:

‘ನಿಮ್ಮ ಪಿಂಚಣಿ ನಿಲ್ಲದೆ ಬರಬೇಕಾದರೆ ನವೆಂಬರ್ 30ರೊಳಗೆ ಜೀವಿತ ಪ್ರಮಾಣಪತ್ರ ಕೊಡಿ. ನಿಮ್ಮ ವಯಸ್ಸು 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ ಕೊಡಬಹುದು. ಪಿಂಚಣಿ ಬರುವ ಬ್ಯಾಂಕಿಗೆ ಹೋಗಿ ಕೊಡಬಹುದು, ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು. ತಡವಾದರೆ ಪಿಂಚಣಿ ನಿಲ್ಲುತ್ತದೆ. ಪ್ರಮಾಣಪತ್ರ ಕೊಟ್ಟ ಮೇಲೆ ನಿಂತಿದ್ದ ತಿಂಗಳುಗಳ ಹಣವೂ ಸೇರಿ ಬರುತ್ತದೆ.’

ಎರಡನೆಯದು ಉದ್ದವಾಗಿದೆ. ಉದ್ದವಾಗಲಿ. ಸರಳ ಬರಹ ಎಂದರೆ ಚಿಕ್ಕ ಬರಹ ಎಂಬುದು ತಪ್ಪು ಕಲ್ಪನೆ. ಸರಳ ಭಾಷೆಗಾಗಿ 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 24495-1 ಕೂಡ ಪದಗಳ ಎಣಿಕೆಯ ಮಾತಾಡುವುದಿಲ್ಲ. ಓದುಗರಿಗೆ ಬೇಕಾದದ್ದು ಅಲ್ಲಿರಬೇಕು, ಅದು ಅವರ ಕಣ್ಣಿಗೆ ಬೀಳಬೇಕು, ಅರ್ಥವಾಗಬೇಕು, ಅದನ್ನು ಅವರು ಬಳಸುವಂತಿರಬೇಕು ಎಂದಷ್ಟೇ ಅದು ಕೇಳುತ್ತದೆ.

ಮೇಲಿನ ಮಾದರಿಯಲ್ಲಿ ‘ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ’ ಎಂದು ಬಿಡಿಸಿ ಹೇಳಿದ್ದಕ್ಕೂ ಕಾರಣವಿದೆ. ಇಪಿಎಸ್ ಪಿಂಚಣಿದಾರರಿಗೆ ನವೆಂಬರಿನ ಗಡುವು ಇಲ್ಲ. ಅವರು ವರ್ಷದ ಯಾವ ದಿನ ಕೊಟ್ಟರೂ ಅಲ್ಲಿಂದ 12 ತಿಂಗಳು ಅದು ನಡೆಯುತ್ತದೆ. ಯಾರಿಗೆ ಅನ್ವಯಿಸುತ್ತದೆ ಎಂಬುದನ್ನು ಬಿಟ್ಟು ಗಡುವನ್ನು ಮಾತ್ರ ಸಾರಿದರೆ, ಸಂಬಂಧವೇ ಇಲ್ಲದ ವೃದ್ಧರು ನವೆಂಬರಿನ ಕೊನೆಯ ವಾರ ಸರತಿಯಲ್ಲಿ ನಿಲ್ಲುತ್ತಾರೆ.

ಹೆಜ್ಜೆ 6: ಭಯವನ್ನು ತಪ್ಪಿಸಿಕೊಂಡು ಹೋಗಬೇಡಿ

‘ಪಿಂಚಣಿ ನಿಧಿ ಬರಿದಾಗಲಿದೆಯಂತೆ’ ಎಂಬ ಮಾತು ಪ್ರತಿ ದೇಶದಲ್ಲೂ ಇದೆ. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಿಧಿಯ ಟ್ರಸ್ಟಿಗಳ 2025ರ ವರದಿಯ ಪ್ರಕಾರ ನಿವೃತ್ತಿ ಸೌಲಭ್ಯದ ನಿಧಿಯಲ್ಲಿ ಕೂಡಿಟ್ಟ ಹಣ 2033ರಲ್ಲಿ ಮುಗಿಯುತ್ತದೆ. ಇದನ್ನು ಓದಿದವರು ಆ ವರ್ಷದಿಂದ ಏನೂ ಬರುವುದಿಲ್ಲವೆಂದು ತಿಳಿಯುತ್ತಾರೆ. ವರದಿ ಹೇಳಿದ್ದು ಅದಲ್ಲ: ದುಡಿಯುವವರಿಂದ ತೆರಿಗೆ ಆಗಲೂ ಬರುತ್ತಲೇ ಇರುತ್ತದೆ, ಕಾನೂನು ಹೀಗೆಯೇ ಉಳಿದರೂ ಕೊಡಬೇಕಾದ ಮೊತ್ತದ ಶೇಕಡಾ 77ರಷ್ಟನ್ನು ಕೊಡಲು ಅದು ಸಾಲುತ್ತದೆ. ಶೇಕಡಾ 23ರಷ್ಟು ಕಡಿತ ಸಣ್ಣದೇನಲ್ಲ, ಆದರೆ ಅದು ಶೂನ್ಯವಲ್ಲ. ಉಳಿತಾಯ ಮುಗಿದ ಮನೆಗೂ ಸಂಬಳ ನಿಂತ ಮನೆಗೂ ಇರುವ ವ್ಯತ್ಯಾಸದಂತೆ ಇದನ್ನು ಹೇಳಿದರೆ ಬಹುತೇಕರಿಗೆ ತಿಳಿಯುತ್ತದೆ. ‘ಆತಂಕ ಬೇಡ’ ಎಂದು ಬರೆಯುವುದರಿಂದ ಆತಂಕ ಹೋಗುವುದಿಲ್ಲ, ಅಂಕಿ ಕೊಟ್ಟಾಗ ಅದು ತನ್ನ ಅಳತೆಗೆ ಇಳಿಯುತ್ತದೆ.

ಹೆಜ್ಜೆ 7: ಅಚ್ಚಿಗೆ ಮೊದಲು ಐವರಿಂದ ಓದಿಸಿ

ಇದಕ್ಕೆ ಹಣವೂ ಬೇಡ, ಸಮಿತಿಯೂ ಬೇಡ. ಇಲಾಖೆಗೆ ಸಂಬಂಧವಿಲ್ಲದ, ನಿವೃತ್ತಿಯ ಹತ್ತಿರವಿರುವ ಅಥವಾ ನಿವೃತ್ತರಾದ ಐವರ ಕೈಗೆ ಕರಡನ್ನು ಕೊಡಿ. ‘ಅರ್ಥವಾಯಿತೇ?’ ಎಂದು ಮಾತ್ರ ಕೇಳಬೇಡಿ. ಮರ್ಯಾದೆಗೆ ಅಂಜಿ ಎಲ್ಲರೂ ಹೌದೆನ್ನುತ್ತಾರೆ. ‘ಇದನ್ನು ಓದಿದ ಮೇಲೆ ನೀವು ನಾಳೆ ಏನು ಮಾಡುತ್ತೀರಿ, ಯಾವ ತಾರೀಖಿನೊಳಗೆ, ಎಲ್ಲಿಗೆ ಹೋಗುತ್ತೀರಿ?’ ಎಂದು ಕೇಳಿ. ಗಟ್ಟಿಯಾಗಿ ಓದಲು ಹೇಳಿ, ಎಲ್ಲಿ ತಡವರಿಸುತ್ತಾರೆ, ಯಾವ ಸಾಲನ್ನು ಎರಡನೆಯ ಸಲ ಓದುತ್ತಾರೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಓದುವಾಗ ಅವರಿಗೆ ವಿವರಿಸಲು ಹೋಗಬಾರದು, ಅದು ಕಷ್ಟದ ಸಂಯಮ. ಪತ್ರ ಮನೆಗೆ ತಲುಪಿದಾಗ ಪಕ್ಕದಲ್ಲಿ ನೀವು ಇರುವುದಿಲ್ಲ.

ಹೆಜ್ಜೆ 8: ಯಾವಾಗ, ಯಾವ ರೂಪದಲ್ಲಿ ತಲುಪಿಸಬೇಕು

ಸ್ವೀಡನ್ನಿನಲ್ಲಿ 1999ರಿಂದ ಪಿಂಚಣಿಯ ವಾರ್ಷಿಕ ವಿವರ ಕಿತ್ತಳೆ ಬಣ್ಣದ ಲಕೋಟೆಯಲ್ಲಿ ಬರುತ್ತದೆ. ಬಣ್ಣವೇ ಗುರುತಾಗಿ, ‘ಕಿತ್ತಳೆ ಲಕೋಟೆ’ ಎಂದರೆ ಪಿಂಚಣಿಯ ಪತ್ರ ಎಂದು ಅಲ್ಲಿ ಎಲ್ಲರಿಗೂ ಗೊತ್ತು. ಇದರಿಂದ ಕಲಿಯಬೇಕಾದದ್ದು ಬಣ್ಣವನ್ನಲ್ಲ, ಪ್ರತಿವರ್ಷ ಒಂದೇ ರೂಪದಲ್ಲಿ ಬರುವ ನಿಯಮವನ್ನು. ಹೋದ ವರ್ಷದ ಹಾಳೆಯ ಪಕ್ಕದಲ್ಲಿ ಈ ವರ್ಷದ್ದನ್ನು ಇಟ್ಟು ಹೋಲಿಸಲು ಬರುವಂತಿದ್ದರೆ, ಬದಲಾದದ್ದು ಏನೆಂದು ಓದುಗರೇ ಕಂಡುಕೊಳ್ಳುತ್ತಾರೆ.

ಪತ್ರದ ಜೊತೆಗೆ ಫೋನಿನ ಸಂದೇಶವೂ ಇರಲಿ, ಆದರೆ ಸಂದೇಶದಲ್ಲಿ ಖಾತೆಯ ಸಂಖ್ಯೆಯನ್ನೋ ಒಟಿಪಿಯನ್ನೋ ಕೇಳುವ ಒಂದಕ್ಷರವೂ ಇರಬಾರದು. ಪಿಂಚಣಿದಾರರನ್ನು ಗುರಿಯಾಗಿಸುವ ವಂಚಕರು ಬಳಸುವ ಧಾಟಿ ಅದೇ. ಒತ್ತಿ ತೆರೆಯಬೇಕಾದ ಕೊಂಡಿಯ ಬದಲು, ಯಾವ ಕಚೇರಿಗೆ ಹೋಗಬೇಕು, ಹಳೆಯ ಪತ್ರದಲ್ಲಿರುವ ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂದು ಹೇಳಿ. ಅಕ್ಷರಗಳು ದೊಡ್ಡದಾಗಿರಲಿ.

ಕೊನೆಗೆ, ಪ್ರತಿ ಹಾಳೆಯ ಮೇಲೂ ಮೂರು ಸಂಗತಿಗಳನ್ನು ಕಣ್ಣಿಗೆ ಬೀಳುವಂತೆ ಮುದ್ರಿಸಿ: ಬರೆದ ದಿನಾಂಕ, ಇದು ಯಾವ ಯೋಜನೆಯ ಯಾರಿಗೆ ಅನ್ವಯಿಸುತ್ತದೆ ಎಂಬುದು, ಮತ್ತು ಇದು ಹಿಂದಿನ ಯಾವ ಪ್ರಕಟಣೆಯ ಬದಲಿಗೆ ಬಂದದ್ದು ಎಂಬುದು. ನಿಮ್ಮ ಹಾಳೆಯನ್ನು ಯಾರೋ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ. ನಿಯಮ ಬದಲಾದ ಮೇಲೂ ಆ ಫೋಟೊ ವರ್ಷಗಟ್ಟಲೆ ಗುಂಪಿನಿಂದ ಗುಂಪಿಗೆ ಅಲೆಯುತ್ತಲೇ ಇರುತ್ತದೆ, ಅದನ್ನು ನಂಬಿ ಕಚೇರಿಗೆ ಬಂದವರು ಮೊಬೈಲಿನ ಪರದೆಯನ್ನು ನಿಮ್ಮ ಮುಖಕ್ಕೆ ಹಿಡಿದು “ನೀವೇ ಬರೆದಿದ್ದೀರಲ್ಲ” ಎನ್ನುತ್ತಾರೆ. ದಿನಾಂಕ ಇದ್ದರೆ, ಆ ಮಾತಿಗೆ ಉತ್ತರ ಆ ಪರದೆಯ ಮೇಲೆಯೇ ಇರುತ್ತದೆ.